‘ಬ್ರಿಂಗ್ ಫಾರ್ವರ್ಡ್’ ತಂದ ನಾಲ್ಕು ಗಂಟೆ

ಮೇಲ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ವೀ ಆರ್ ಬ್ರಿಂಗಿಂಗ್ ಟುನೈಟ್ಸ್ ಕಟ್‌ಓವರ್ ಫಾರ್ವರ್ಡ್ ಬೈ ಟೂ ಅವರ್ಸ್.’ ಬರೆದವರು ಇಂಗ್ಲೆಂಡಿನಲ್ಲಿರುವ ಕ್ಲೈಂಟ್ ಕಡೆಯ ಸರ್ವಿಸ್ ಮ್ಯಾನೇಜರ್. ಓದಿದವನು ನಾನು. ಬೆಂಗಳೂರು, ಶನಿವಾರ ಸಂಜೆ, ಸೆಕೆಂಡ್ ಶಿಫ್ಟ್. ಕಟ್‌ಓವರ್, ಅಂದರೆ ಹಳೆಯ ಸಿಸ್ಟಮ್‌ನಿಂದ ಹೊಸದಕ್ಕೆ ದಾಟಿಸುವ ಕೆಲಸ, ನಿಗದಿಯಾಗಿದ್ದು ಅವರ ರಾತ್ರಿ 10ಕ್ಕೆ. ಅಲ್ಲಿ ಬೇಸಿಗೆಯ ಟೈಮ್ ನಡೆಯುತ್ತಿತ್ತು, ಹಾಗಾಗಿ ನಮಗೆ ಬೆಳಗಿನ ಜಾವ 2:30. ನಾನು ಮುಂದಿನ ಶಿಫ್ಟಿನವರಿಗೆ ಬರೆದಿಡುವ ಹ್ಯಾಂಡೋವರ್ ನೋಟ್‌ನಲ್ಲಿ ಕಟ್‌ಓವರ್ 4:30ಕ್ಕೆ ಹೋಗಿದೆ ಅಂತ ಹಾಕಿದೆ.

ಸರಿಯಾದ ಸಮಯ 12:30.

ಎರಡು ಗಂಟೆ ಆಚೆ ಅಂದುಕೊಂಡಿದ್ದು ಎರಡು ಗಂಟೆ ಈಚೆ ಇತ್ತು. ಒಟ್ಟು ನಾಲ್ಕು ಗಂಟೆಯ ವ್ಯತ್ಯಾಸ. ಇದು ಅವಸರದಲ್ಲಿ ಓದಿ ಆಗಿದ್ದಲ್ಲ. ನಮ್ಮಲ್ಲಿ ಮೇಕರ್-ಚೆಕ್ಕರ್ ನಿಯಮ ಇದೆ. ಟೈಮ್ ಬದಲಾದರೆ ಇನ್ನೊಬ್ಬರು ಮೂಲ ಮೇಲನ್ನು ತಾವೇ ತೆರೆದು ಓದಿ ಟಿಕ್ ಹಾಕಬೇಕು. ಅವತ್ತಿನ ಚೆಕ್ಕರ್ ಹಾಸನದ ಹುಡುಗ, ಎಲ್-ಟೂನಲ್ಲಿ, ಅಂದರೆ ಎರಡನೇ ಹಂತದ ಸಪೋರ್ಟ್‌ನಲ್ಲಿ, ಒಳ್ಳೆಯ ಕೆಲಸಗಾರ. ಅವನು ಮೇಲ್ ತೆರೆದ, ಓದಿದ, ‘ಸರಿ ಇದೆ ಸರ್, ನಾಲ್ಕೂವರೆ’ ಅಂದ, ಟಿಕ್ ಹಾಕಿದ. ಇಬ್ಬರೂ ಬೇರೆ ಬೇರೆಯಾಗಿ ಓದಿ ಒಂದೇ ಉತ್ತರಕ್ಕೆ ಬಂದಿದ್ದೆವು. ಇಬ್ಬರ ಕಿವಿಯೂ ಕನ್ನಡದ್ದು.

ಕನ್ನಡದಲ್ಲಿ ಮೀಟಿಂಗ್ ಮುಂದಕ್ಕೆ ಹಾಕಿದರು ಅಂದರೆ ತಡವಾಗಿ ಇಟ್ಟುಕೊಂಡರು ಅಂತ. ಮದುವೆ ಮುಂದಕ್ಕೆ ಹೋಯಿತು, ಪರೀಕ್ಷೆ ಮುಂದೂಡಿದರು, ಕೇಸು ಮುಂದಿನ ತಿಂಗಳಿಗೆ ಹೋಯಿತು. ಫಾರ್ವರ್ಡ್ ಅನ್ನುವ ಪದವನ್ನು ನಾವು ಮುಂದಕ್ಕೆ ಅಂತಲೇ ಕಲಿತವರು. ಬ್ರಿಂಗ್ ಅಂದರೆ ತರುವುದು. ಮುಂದಕ್ಕೆ ತಂದಿದ್ದಾರೆ, ಸರಿ, ಮುಂದಕ್ಕೆ ಹೋಯಿತು. ಇಂಗ್ಲೆಂಡಿನವರಿಗೆ ‘ಬ್ರಿಂಗ್ ಫಾರ್ವರ್ಡ್’ ಅಂದರೆ ಇದಕ್ಕೆ ಸರಿಯಾಗಿ ಉಲ್ಟಾ. ಇದ್ದ ಸಮಯಕ್ಕಿಂತ ಬೇಗ ಮಾಡುವುದು. ನಾವು ಇಲ್ಲಿ ದಿನಾ ಹೇಳುವ ‘ಪ್ರಿಪೋನ್’. ಆ ಮೇಲ್‌ನಲ್ಲಿ ಪ್ರಿಪೋನ್ ಅಂತ ಇದ್ದಿದ್ದರೆ ಎಲ್-ಒನ್‌ಗೆ ಸೇರಿದ ಮೊದಲ ದಿನದವರಿಗೂ ಅರ್ಥವಾಗುತ್ತಿತ್ತು. ಆದರೆ ಅದು ಭಾರತದ ಇಂಗ್ಲಿಷ್. ಅವರು ಬಳಸುವುದಿಲ್ಲ.

ರಾತ್ರಿ 12:30ಕ್ಕೆ ಬ್ರಿಡ್ಜ್, ಅಂದರೆ ಎಲ್ಲರೂ ಸೇರುವ ಕಾನ್ಫರೆನ್ಸ್ ಕಾಲ್, ಶುರುವಾಯಿತು. ನಮ್ಮ ಕಡೆಯಿಂದ ಇದ್ದದ್ದು ನೈಟ್ ಶಿಫ್ಟಿನ ಎಲ್-ಒನ್ ಹುಡುಗಿ ಒಬ್ಬಳೇ. ಹಾವೇರಿಯವಳು, ಹೊಸಬಳು, ಆದರೆ ಮಾಡಬೇಕಾದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟ ರನ್‌ಬುಕ್ ಬಿಟ್ಟು ಒಂದು ಹೆಜ್ಜೆ ಆಚೆ ಇಡುವವಳಲ್ಲ. ಬ್ಯಾಚ್ (ತಾನಾಗಿ ಓಡುವ ಕೆಲಸಗಳ ಸರಣಿ) ನಿಲ್ಲಿಸುವುದು, ಡಿಬಿ (ಡೇಟಾಬೇಸ್) ಬ್ಯಾಕಪ್, ಮೇಂಟೆನೆನ್ಸ್ ಪೇಜ್ ಹಾಕುವುದು, ಇವೆಲ್ಲ ನಮ್ಮ ನೋಟ್ ಪ್ರಕಾರ 3:30ಕ್ಕೆ. ಎಲ್-ಟೂ ಬರಬೇಕಾಗಿದ್ದೂ ಆಗಲೇ. ಕ್ಲೈಂಟ್ ಕಡೆ ಎಲ್ಲರೂ ಹಾಜರಿದ್ದರು. ನೆಟ್‌ವರ್ಕ್ ನೋಡುವ ಇನ್ನೊಂದು ವೆಂಡರ್‌ನವರೂ ಇದ್ದರು. ನಾವು ನಮ್ಮ ಭಾಗ ಮುಗಿಸಿದ್ದೇವೆ ಅಂದುಕೊಂಡು ಅವರು 12:38ಕ್ಕೆ ಸರ್ವರ್‌ಗಳಿಗೆ ಟ್ರಾಫಿಕ್ ಹಂಚುವ ಲೋಡ್ ಬ್ಯಾಲೆನ್ಸರ್ ಸ್ವಿಚ್ ಮಾಡಿಬಿಟ್ಟರು. ಬ್ಯಾಚ್ ಇನ್ನೂ ಓಡುತ್ತಿತ್ತು. ಆರ್ಡರ್‌ಗಳು ಬರುತ್ತಲೇ ಇದ್ದವು, ಪ್ರಾಸೆಸ್ ಮಾಡುವವರು ಯಾರೂ ಇರಲಿಲ್ಲ.

ಬ್ರಿಡ್ಜ್‌ನಲ್ಲಿ ಯಾರೋ ‘ದ ಕ್ಯೂ ಈಸ್ ಬ್ಯಾಕಿಂಗ್ ಅಪ್’ ಅಂದರು. ಹುಡುಗಿಗೆ ಸಮಾಧಾನವಾಯಿತು. ಕ್ಯೂ ಬ್ಯಾಕಪ್ ತೆಗೆದುಕೊಳ್ಳುತ್ತಿದ್ದಾರೆ, ಒಳ್ಳೆಯದೇ ಆಯಿತು ಅಂದುಕೊಂಡಳು. ಅವರು ಹೇಳಿದ್ದು ಕ್ಯೂ ತುಂಬಿ ಹಿಂದಕ್ಕೆ ಕಟ್ಟಿಕೊಳ್ಳುತ್ತಿದೆ ಅಂತ, ಚರಂಡಿ ಕಟ್ಟಿಕೊಂಡಾಗ ನೀರು ಮೇಲೆ ಬರುವ ಹಾಗೆ. ಬ್ಯಾಕ್ ಅಪ್ ಅನ್ನುವುದಕ್ಕೆ ನಮ್ಮ ಕೆಲಸದಲ್ಲಿ ಇರುವುದು ಒಂದೇ ಅರ್ಥ. ದಿನಕ್ಕೆ ಅಷ್ಟು ಸಲ ಹೇಳುತ್ತೇವೆ. ಆ ಅರ್ಥ ಇರುವ ತಲೆಯಲ್ಲಿ ಇನ್ನೊಂದು ಅರ್ಥಕ್ಕೆ ಜಾಗವೇ ಇರುವುದಿಲ್ಲ. ಸೆವೆರಿಟಿ (ಸಮಸ್ಯೆಯ ತೀವ್ರತೆಯ ದರ್ಜೆ) ಏರಿದ ಮೇಲೆ, ‘ಹೂ ಈಸ್ ಆನ್ ಕಾಲ್?’ ಅಂತ ಜೋರಾಗಿ ಕೇಳಿದ ಮೇಲೆ ಅವಳು ನನಗೆ ಫೋನ್ ಮಾಡಿದಳು.

ನಾನು ಮನೆಯಿಂದ ಬ್ರಿಡ್ಜ್ ಸೇರಿದೆ. ಸೇರಿದ ತಕ್ಷಣ ಮಾಡಿದ ಕೆಲಸ ವಾದ. ವಿಂಡೋ ಇರುವುದು ನಮ್ಮ 4:30ಕ್ಕೆ, ನೀವು ಯಾಕೆ ಈಗಲೇ ಶುರು ಮಾಡಿದಿರಿ ಅಂತ ಕೇಳಿದೆ. ಸರ್ವಿಸ್ ಮ್ಯಾನೇಜರ್ ತಮ್ಮ ಮೇಲಿನ ಸಾಲನ್ನೇ ಓದಿ ಹೇಳಿದರು. ನಾನೂ ಅದನ್ನು ಸ್ಕ್ರೀನ್ ಮೇಲೆ ತೆರೆದಿಟ್ಟುಕೊಂಡಿದ್ದೆ. ‘ಎಕ್ಸಾಕ್ಟ್ಲಿ’ ಅಂದೆ. ಅವರೂ ‘ಎಕ್ಸಾಕ್ಟ್ಲಿ’ ಅಂದರು. ಒಂದೇ ಸಾಲು ಇಬ್ಬರ ಕಣ್ಣ ಮುಂದೆ ಇತ್ತು. ಇಬ್ಬರಿಗೂ ಅದು ತಮ್ಮ ಪರ ಸಾಕ್ಷಿ ಹೇಳುವಂತೆ ಕಾಣುತ್ತಿತ್ತು. ಮತ್ತೊಮ್ಮೆ ಓದಿದೆ. ಆಗಲೂ ನನಗೆ ಕಂಡಿದ್ದು ತಡ ಅನ್ನುವ ಅರ್ಥವೇ. ಕ್ಯೂ ಬೆಳೆಯುತ್ತಿತ್ತು. ಕೊನೆಗೆ ಅವರ ಕಡೆ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಒಬ್ಬರು ನಿಧಾನವಾಗಿ, ‘ಅರ್ಲಿಯರ್, ನಾಟ್ ಲೇಟರ್’ ಅಂದರು. ಆಗ ತಿಳಿಯಿತು. ತಿಳಿದ ಮೇಲೂ ಆ ಸಾಲು ನೋಡಿದರೆ ಮನಸ್ಸು ಒಪ್ಪುತ್ತಿರಲಿಲ್ಲ.

ಇನ್ನೂ ಒಂದು ಗಂಡಾಂತರ ಬಾಕಿ ಇತ್ತು. ಅವರು ‘ಹೋಲ್ಡ್ ಆಫ್ ಆನ್ ನೋಡ್ ಟೂ’ ಅಂದರು. ಎರಡನೇ ನೋಡ್‌ಗೆ, ಅಂದರೆ ಎರಡನೇ ಸರ್ವರ್‌ಗೆ, ಸದ್ಯಕ್ಕೆ ಏನೂ ಮಾಡಬೇಡಿ ಅಂತ. ಲೈನ್ ಚೆನ್ನಾಗಿರಲಿಲ್ಲ. ಹುಡುಗಿಗೆ ಗಟ್ಟಿಯಾಗಿ ಕೇಳಿದ್ದು ‘ಆಫ್’ ಮತ್ತು ‘ನೋಡ್ ಟೂ’. ಶಟ್‌ಡೌನ್ ಕಮ್ಯಾಂಡ್ ಟೈಪ್ ಮಾಡಿಟ್ಟುಕೊಂಡು ನನಗೆ ಚಾಟ್‌ನಲ್ಲಿ ಕೇಳಿದಳು: ‘ಸರ್, ಟೂ ಆಫ್ ಮಾಡ್ಲಾ?’ ಅವಳು ಕೇಳಿದ್ದಕ್ಕೆ ನಾವು ಉಳಿದೆವು. ನಾನು ಫೋನ್ ಮಾಡಿ, ‘ಬೇಡಮ್ಮಾ, ಎರಡನೇದನ್ನ ಮುಟ್ಟಬೇಡ, ಹಾಗೇ ಬಿಡು’ ಅಂದೆ. ಅಲ್ಲಿಂದಾಚೆ ಬ್ರಿಡ್ಜ್‌ನಲ್ಲಿ ಬಂದ ಪ್ರತಿ ಮಾತನ್ನೂ ಅವಳಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಬ್ಯಾಕ್ ಔಟ್ ಮಾಡೋಣ ಅಂತ ತೀರ್ಮಾನವಾಯಿತು. 2 ಗಂಟೆ ಹೊತ್ತಿಗೆ ಹಳೆಯ ಸ್ಥಿತಿಗೆ ಬಂದೆವು. ಕ್ಯೂ ಖಾಲಿಯಾಗಲು ಬೆಳಗಾಯಿತು. ಡೇಟಾ ಏನೂ ಹೋಗಲಿಲ್ಲ. ಆದರೆ ಪಿ-ಒನ್, ಅಂದರೆ ಅತಿ ಗಂಭೀರ ದರ್ಜೆಯ ಘಟನೆ, ಪಿ-ಒನ್ನೇ.

ಆರ್‌ಸಿಎಯಲ್ಲಿ, ಅಂದರೆ ಮೂಲ ಕಾರಣ ಹುಡುಕುವ ವರದಿಯಲ್ಲಿ, ಬರೆದದ್ದು ‘ಕಮ್ಯುನಿಕೇಶನ್ ಗ್ಯಾಪ್’. ಆಕ್ಷನ್ ಐಟಂ: ಆಫ್‌ಶೋರ್ ಟೀಮಿಗೆ ಇಂಗ್ಲಿಷ್ ಟ್ರೈನಿಂಗ್. ನನಗೆ ಇವತ್ತಿಗೂ ಇದರ ಮೇಲೆ ಸಿಟ್ಟಿದೆ. ಇಂಥ ಕೆಲಸಕ್ಕೆ ಅನುಮತಿ ಕೇಳುವ ಚೇಂಜ್ ಫಾರ್ಮಿನಲ್ಲಿ ಕೊನೆಯವರೆಗೂ ಹಳೆಯ 2:30 ಹಾಗೇ ಇತ್ತು. ಟೈಮ್ ಬದಲಿಸಿದರೆ ಅಪ್ರೂವಲ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆ ತಲೆನೋವು ಬೇಡ ಅಂತ ಎಲ್ಲರೂ ಮೇಲ್‌ನಲ್ಲೇ ಮುಗಿಸುತ್ತಾರೆ. ಅಂದರೆ ಒಂದೇ ಕೆಲಸಕ್ಕೆ ಟೂಲ್‌ನಲ್ಲಿ ಒಂದು ಸಮಯ, ಮೇಲ್‌ನಲ್ಲಿ ಒಂದು, ನಮ್ಮ ನೋಟ್‌ನಲ್ಲಿ ಇನ್ನೊಂದು. ಇದರ ಬಗ್ಗೆ ಆರ್‌ಸಿಎಯಲ್ಲಿ ಒಂದು ಅಕ್ಷರ ಇಲ್ಲ.

ಟ್ರೈನಿಂಗ್ ಆಯಿತು. ಖಾಲಿ ಜಾಗ ತುಂಬಿ ಅನ್ನುವ ಹಾಳೆ ಕೊಟ್ಟರು. ಬೆಕ್ಕು ಮೇಜಿನ ‘ಆನ್’ ಇದೆಯೋ ‘ಅಂಡರ್’ ಇದೆಯೋ. ಆಮೇಲೆ ನಾವು ಮಾಡುವ ತಪ್ಪುಗಳ ಪಟ್ಟಿ. ‘ನನ್ನ ಮೇಲೆ ಕೋಪ’ ಅನ್ನುವ ಅಭ್ಯಾಸದಿಂದ ‘ಆಂಗ್ರಿ ಆನ್ ಮಿ’ ಅಂತೀವಿ. ‘ಇದರ ಬಗ್ಗೆ ಚರ್ಚಿಸೋಣ’ ಅನ್ನುವುದರಿಂದ ‘ಡಿಸ್ಕಸ್ ಅಬೌಟ್’. ‘ಮೂರು ವರ್ಷದಿಂದ’ ಅನ್ನುವುದರಿಂದ ‘ಸಿನ್ಸ್ ತ್ರೀ ಇಯರ್ಸ್’. ‘ಬಸ್ಸಲ್ಲಿ ಬಂದೆ’ ಅನ್ನುವುದರಿಂದ ‘ಇನ್ ಬಸ್’. ಪಟ್ಟಿ ಸರಿಯಾಗಿಯೇ ಇತ್ತು. ನಮ್ಮ ‘ಅಲ್ಲಿ’ ಒಂದೇ ಪ್ರತ್ಯಯ, ಅವರ ಇನ್, ಆನ್, ಅಟ್ ಮೂರರ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ತಡವರಿಸುತ್ತೇವೆ.

ಆದರೆ ಈ ತಪ್ಪುಗಳಿಂದ ಯಾವ ಸರ್ವರ್ ಬಿದ್ದಿದೆ ಹೇಳಿ? ‘ಡಿಸ್ಕಸ್ ಅಬೌಟ್ ದ ಇಶ್ಯೂ’ ಅಂದರೆ ಇಂಗ್ಲೆಂಡಿನವರಿಗೆ ಕಿವಿಗೆ ಸ್ವಲ್ಪ ಕಿರಿಕಿರಿ ಆಗಬಹುದು, ಅರ್ಥ ಪೂರ್ತಿ ಆಗುತ್ತದೆ. ಅಪಾಯ ಇರುವುದು ಬೇರೆ ಕಡೆ. ವ್ಯಾಕರಣ ಸರಿ ಇದೆ, ಪದಗಳೆಲ್ಲ ಗೊತ್ತು, ಇಬ್ಬರಿಗೂ ಅನುಮಾನ ಇಲ್ಲ, ಅರ್ಥ ಮಾತ್ರ ಇಬ್ಬರಲ್ಲೂ ಬೇರೆ. ಅನುಮಾನ ಬಂದಿದ್ದರೆ ಕೇಳುತ್ತಿದ್ದೆ. ನನಗೆ ಬರಲೇ ಇಲ್ಲ. ಇದನ್ನು ಯಾವ ಖಾಲಿ ಜಾಗದ ಹಾಳೆಯೂ ಹಿಡಿಯುವುದಿಲ್ಲ.

ಇದು ನಮ್ಮ ಇಂಗ್ಲಿಷ್ ಸರಿ ಇಲ್ಲದ್ದರಿಂದ ಮಾತ್ರ ಆಗುವುದೂ ಅಲ್ಲ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್‌ಸ್ಕಾರ್ ಅನ್ನುವ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಒಂದು ಕೆಲಸ ಇದೆ. ಬುಧವಾರದ ಮೀಟಿಂಗನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಿದ್ದಾರೆ, ಈಗ ಯಾವ ದಿನ ಅಂತ ಇಂಗ್ಲಿಷ್ ಮಾತಾಡುವವರನ್ನೇ ಕೇಳಿದರು. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ವಿಮಾನ ನಿಲ್ದಾಣದಲ್ಲಿ ಕೇಳಿದಾಗ, ಆಗಷ್ಟೇ ಪ್ರಯಾಣ ಮುಗಿಸಿ ಇಳಿದವರು ಶುಕ್ರವಾರ ಅಂದದ್ದು ಜಾಸ್ತಿ. ತಾವು ಕಾಲದಲ್ಲಿ ಮುಂದೆ ಸಾಗುತ್ತಿದ್ದೇವೆ ಅಂದುಕೊಂಡವರಿಗೆ ಫಾರ್ವರ್ಡ್ ಅಂದರೆ ಆಚೆ. ಕಾಲವೇ ತಮ್ಮ ಕಡೆ ಬರುತ್ತಿದೆ ಅಂದುಕೊಂಡವರಿಗೆ ಫಾರ್ವರ್ಡ್ ಅಂದರೆ ಈಚೆ, ತಮಗೆ ಹತ್ತಿರ. ‘ಬ್ರಿಂಗ್’ ಸೇರಿದಾಗ ಬ್ರಿಟಿಷರಿಗೆ ಗೊಂದಲ ಇಲ್ಲ, ಅದು ಬೇಗ ಅಂತಲೇ. ‘ಮೂವ್’ ಸೇರಿದಾಗ ಅವರಲ್ಲೇ ಜಗಳ. ಫಾರ್ವರ್ಡ್ ಅದೇ, ಹಿಂದಿನ ಕ್ರಿಯಾಪದ ಬೇರೆ, ಅರ್ಥದ ಗಟ್ಟಿತನ ಬೇರೆ.

ನಮ್ಮ ಭಾಷೆಯಲ್ಲೂ ಈ ತೊಡಕು ಅಡಗಿದೆ. ‘ಇನ್ನು ಮುಂದೆ’ ಅಂದರೆ ಬರಲಿರುವ ಕಾಲ. ‘ಊಟಕ್ಕೆ ಮುಂಚೆ’, ‘ಮಳೆ ಬರುವ ಮುನ್ನ’ ಅಂದರೆ ಮೊದಲಿನ ಕಾಲ. ಮೂರರ ಬುಡದಲ್ಲೂ ಇರುವುದು ಒಂದೇ ‘ಮುನ್’. ಹಾಗಿದ್ದೂ ಮುಂದೆ, ಮುಂಚೆ ನಮಗೆ ಯಾವತ್ತೂ ಕಲಸಿಹೋಗುವುದಿಲ್ಲ. ಚಿಕ್ಕಂದಿನಿಂದ ಪೂರ್ತಿ ಮಾತಾಗಿಯೇ ಕೇಳಿದ್ದೇವೆ, ಬಿಡಿಸಿ ನೋಡಿಲ್ಲ. ಇಂಗ್ಲಿಷನ್ನು ಮಾತ್ರ ಬಿಡಿಬಿಡಿಯಾಗಿ ಕಲಿತೆವು. ಕ್ರಿಯಾಪದಗಳ ಪಟ್ಟಿ ಒಂದು ಕಡೆ, ಪ್ರಿಪೊಸಿಶನ್‌ಗಳ ಪಟ್ಟಿ ಇನ್ನೊಂದು ಕಡೆ. ಅವು ಕೂಡಿದಾಗ ಏನಾಗುತ್ತದೆ ಅಂತ ಯಾರೂ ಹೇಳಿಕೊಡಲಿಲ್ಲ.

ಈಗ ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ಶುರು ಮಾಡುವುದು ಕನ್ನಡದಿಂದ. ‘ಕುಡಿ’ ಮತ್ತು ‘ಕುಡಿದುಬಿಡು’ ಒಂದೇನಾ? ‘ಬರಿ’ ಮತ್ತು ‘ಬರೆದುಕೋ’? ‘ಕಿತ್ತ’ ಮತ್ತು ‘ಕಿತ್ತುಹಾಕಿದ’? ‘ಒಡೆಯಿತು’ ಮತ್ತು ‘ಒಡೆದುಹೋಯಿತು’? ಯಾರೂ ಒಂದೇ ಅನ್ನುವುದಿಲ್ಲ. ಆ ಬಿಡು, ಕೋ, ಹಾಕು, ಹೋಗು ಇಲ್ಲಿ ತಮ್ಮ ಸ್ವಂತ ಅರ್ಥ ಬಿಟ್ಟು ಮೊದಲಿನ ಕ್ರಿಯಾಪದಕ್ಕೆ ಒಂದು ತೂಕ ಕೊಡುತ್ತವೆ. ‘ಕುಡಿದುಬಿಡು’ ಅಂದಾಗ ಯಾರೂ ಏನನ್ನೂ ಬಿಡುವುದಿಲ್ಲ, ಲೋಟ ಖಾಲಿ ಮಾಡುತ್ತಾರೆ. ‘ಡ್ರಿಂಕ್ ಅಪ್’ನಲ್ಲಿ ‘ಅಪ್’ ಕೂಡ ಹಾಗೇ. ಮೇಲಕ್ಕೆ ಏನೂ ಹೋಗುವುದಿಲ್ಲ. ಪೂರ್ತಿ ಮುಗಿಸು ಅಂತ ಅಷ್ಟೇ. ‘ಯೂಸ್ ಅಪ್’, ‘ಫಿಲ್ ಅಪ್’, ‘ಕ್ಲೀನ್ ಅಪ್’ ಎಲ್ಲದರಲ್ಲೂ ಅದೇ ಬಿಡು. ‘ರೈಟ್ ಡೌನ್’ ಅಂದರೆ ಬರೆದುಕೋ. ‘ಥ್ರೋ ಅವೇ’ ಅಂದರೆ ಬಿಸಾಕು. ಇಷ್ಟು ಹೇಳಿದರೆ ಹುಡುಗರ ಮುಖದಲ್ಲಿ ಭಯ ಹೋಗುತ್ತದೆ. ಇದು ತಮಗೆ ಗೊತ್ತಿರುವ ಆಟವೇ ಅನ್ನಿಸುತ್ತದೆ. ಎಲ್ಲವೂ ಹೀಗೆ ಹೊಂದುವುದಿಲ್ಲ, ಅದನ್ನೂ ಹೇಳುತ್ತೇನೆ. ‘ಬ್ರಿಂಗ್ ಫಾರ್ವರ್ಡ್’ ಅದಕ್ಕೇ ಸಾಕ್ಷಿ.

ಈ ಜೋಡಣೆ ಇಂಗ್ಲಿಷಿನಲ್ಲಿ ಎಷ್ಟು ಆಳವಾಗಿದೆ ಅನ್ನುವುದಕ್ಕೆ ಒಂದು ವಿಷಯ ನನಗೆ ಬಹಳ ಇಷ್ಟ. ಸಿ.ಕೆ. ಆಗ್ಡನ್ 1930ರಲ್ಲಿ ಬೇಸಿಕ್ ಇಂಗ್ಲಿಷ್ ಅಂತ ಒಂದು ಸರಳ ಇಂಗ್ಲಿಷ್ ಮಾಡಿದರು. ಒಟ್ಟು 850 ಪದ. ಅದರಲ್ಲಿ ಕ್ರಿಯಾಪದಗಳು 18 ಮಾತ್ರ. ಗೆಟ್, ಪುಟ್, ಟೇಕ್, ಗೋ, ಕಮ್, ಗಿವ್ ಇಂಥವು. ಎಂಟರ್ ಬೇಡ, ‘ಗೋ ಇನ್‌ಟು’ ಸಾಕು. ರಿಮೂವ್ ಬೇಡ, ‘ಟೇಕ್ ಅವೇ’ ಸಾಕು. 18ರಲ್ಲಿ ಸಂಸಾರ ನಡೆದದ್ದು ಹಿಂದೆ ಬರುವ ಇನ್, ಔಟ್, ಅಪ್, ಆಫ್‌ಗಳ ಬಲದಿಂದ. ಕಲಿಯುವವರಿಗೆ ಇದರಿಂದ ಪದಗಳ ಸಂಖ್ಯೆ ಕಡಿಮೆಯಾಯಿತು. ಕಷ್ಟ ಕಡಿಮೆಯಾಯಿತು ಅಂತ ನಾನು ಒಪ್ಪುವುದಿಲ್ಲ. ಪೋಸ್ಟ್‌ಪೋನ್ ಅಂದರೆ ಒಂದೇ ಅರ್ಥ. ‘ಪುಟ್ ಆಫ್’ ಅಂದರೆ ಮುಂದೂಡು ಅಂತಲೂ ಆಗುತ್ತದೆ, ಬೇಜಾರು ಹುಟ್ಟಿಸು ಅಂತಲೂ ಆಗುತ್ತದೆ, ದೀಪ ಆರಿಸು ಅಂತಲೂ ಆಗುತ್ತದೆ.

ನಮ್ಮ ಕೆಲಸದಲ್ಲಿ ‘ಫಾರ್ವರ್ಡ್’ ನಂತರದ ದೊಡ್ಡ ಶತ್ರು ‘ಬೈ’ ಮತ್ತು ‘ಟು’. ‘ರೆಡ್ಯೂಸ್ ದ ಥ್ರೆಡ್ಸ್ ಟು ಟ್ವೆಂಟಿ’ ಅಂದರೆ ಇಪ್ಪತ್ತಕ್ಕೆ ಇಳಿಸಿ. ‘ಬೈ ಟ್ವೆಂಟಿ’ ಅಂದರೆ ಇಪ್ಪತ್ತು ಇಳಿಸಿ. ಐವತ್ತು ಇದ್ದರೆ ಒಂದರಲ್ಲಿ ಉಳಿಯುವುದು 20, ಇನ್ನೊಂದರಲ್ಲಿ 30. ಕನ್ನಡದಲ್ಲೂ ಇದನ್ನು ಕಾಯುವುದು ಒಂದು ‘ಕ್ಕೆ’ ಮಾತ್ರ. ಫೋನಿನಲ್ಲಿ ಇನ್ನೂ ಕಷ್ಟ. ಇಂಗ್ಲಿಷಿನವರು ಪ್ರಿಪೊಸಿಶನ್‌ಗೆ ಒತ್ತು ಕೊಡುವುದಿಲ್ಲ, ‘ಟು’ ಅನ್ನುವುದು ‘ಟ’ ಅಂತ ನುಂಗಿಹೋಗುತ್ತದೆ. ಆದರೆ ‘ಟೇಕ್ ಇಟ್ ಡೌನ್’ನಲ್ಲಿ ‘ಡೌನ್’ ಗಟ್ಟಿಯಾಗಿ ಬರುತ್ತದೆ, ಅಲ್ಲಿ ಅದು ಕ್ರಿಯಾಪದದ ತುಂಡು. ‘ಲುಕ್ ಅಟ್ ಇಟ್’ನಲ್ಲಿ ಒತ್ತು ‘ಲುಕ್’ ಮೇಲೆ. ಕಿವಿ ಇದಕ್ಕೆ ಪಳಗಿದರೆ ಅರ್ಧ ಕೆಲಸ ಆದ ಹಾಗೆ. ಇನ್ನೊಂದು ಗುರುತು ಇದೆ: ‘ಇಟ್’ ಎಲ್ಲಿ ಕೂರುತ್ತದೆ ನೋಡಿ. ‘ಟೇಕ್ ಇಟ್ ಡೌನ್’ ಅಂತಾರೆ, ‘ಟೇಕ್ ಡೌನ್ ಇಟ್’ ಅನ್ನುವುದಿಲ್ಲ. ‘ಲುಕ್ ಇನ್‌ಟು ಇಟ್’ ಅಂತಾರೆ, ‘ಲುಕ್ ಇಟ್ ಇನ್‌ಟು’ ಅನ್ನುವುದಿಲ್ಲ. ಮೊದಲನೆಯದರಲ್ಲಿ ಡೌನ್ ಕ್ರಿಯಾಪದದ ಸಂಗಾತಿ. ಎರಡನೆಯದರಲ್ಲಿ ಇನ್‌ಟು ಮುಂದಿನ ಪದದ ಸಂಗಾತಿ.

‘ಬೈ ಫ್ರೈಡೇ’, ‘ಅಂಟಿಲ್ ಫ್ರೈಡೇ’ ನಮ್ಮವರು ಬದಲಾಯಿಸಿ ಹೇಳುವುದು ಸಾಮಾನ್ಯ. ಕನ್ನಡದಲ್ಲಿ ನೆನೆಸಿಕೊಂಡರೆ ಸುಲಭ, ‘ಶುಕ್ರವಾರದೊಳಗೆ’ ಮತ್ತು ‘ಶುಕ್ರವಾರದವರೆಗೆ’. ಆದರೆ ‘ಚೇಂಜ್ ಫ್ರೀಜ್ ಅಂಟಿಲ್ ಮಂಡೇ’ ಅಂದಾಗ, ಅಂದರೆ ಸೋಮವಾರದವರೆಗೆ ಯಾವ ಬದಲಾವಣೆಯೂ ಬೇಡ ಅಂದಾಗ, ಸೋಮವಾರ ಫ್ರೀಜ್ ಇದೆಯೋ ಇಲ್ಲವೋ? ನಮ್ಮ ‘ಸೋಮವಾರದವರೆಗೆ’ಯಲ್ಲೂ ಅದೇ ಸಂಶಯ. ಅಮೆರಿಕದವರು ‘ಥ್ರೂ ಮಂಡೇ’ ಅಂದರೆ ಸೋಮವಾರವೂ ಸೇರಿತು. ಇದನ್ನು ಕೇಳಿಯೇ ಬರೆದುಕೊಳ್ಳಬೇಕು.

ರನ್‌ಬುಕ್‌ನಲ್ಲಿ ಇದ್ದ ಇನ್ನೊಂದು ಸಾಲು ನನ್ನನ್ನು ಆಮೇಲೆ ಬಹಳ ಕಾಡಿತು. ‘ರೀಸ್ಟಾರ್ಟ್ ದ ಸರ್ವರ್ ವಿತ್ ದ ನ್ಯೂ ಕಾನ್ಫಿಗ್.’ ಹೊಸ ಕಾನ್ಫಿಗ್ (ಸೆಟ್ಟಿಂಗ್‌ಗಳು) ಹಾಕಿ ಸರ್ವರ್ ರೀಸ್ಟಾರ್ಟ್ ಮಾಡಬೇಕಾ? ಅಥವಾ ಹೊಸ ಕಾನ್ಫಿಗ್ ಇರುವ ಸರ್ವರನ್ನು ಹುಡುಕಿ ಅದನ್ನು ರೀಸ್ಟಾರ್ಟ್ ಮಾಡಬೇಕಾ? ‘ವಿತ್’ನಿಂದ ಶುರುವಾಗುವ ಆ ತುಂಡು ಕ್ರಿಯಾಪದಕ್ಕೂ ಅಂಟಬಹುದು, ಸರ್ವರ್‌ಗೂ ಅಂಟಬಹುದು. ಕನ್ನಡದಲ್ಲಿ ಈ ವಾಕ್ಯ ಬರೆಯಲು ಹೋದರೆ ಬರೆಯುವವರೇ ಮೊದಲು ತೀರ್ಮಾನ ಮಾಡಬೇಕಾಗುತ್ತದೆ. ‘ಹಾಕಿ’ ಅಂತಲೋ ‘ಇರುವ’ ಅಂತಲೋ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಹಾಗಾಗಿ ನನ್ನದೊಂದು ಅಭ್ಯಾಸ ಶುರುವಾಗಿದೆ. ರನ್‌ಬುಕ್‌ನ ಪ್ರತಿ ಹೆಜ್ಜೆಯನ್ನೂ ಒಮ್ಮೆ ಮನಸ್ಸಿನಲ್ಲೇ ಕನ್ನಡಕ್ಕೆ ತರುತ್ತೇನೆ. ಎಲ್ಲಿ ಕನ್ನಡ ನನ್ನನ್ನು ನಿಲ್ಲಿಸಿ ಯಾವುದು ಅಂತ ಕೇಳುತ್ತದೋ, ಆ ಇಂಗ್ಲಿಷ್ ಸಾಲನ್ನು ಬದಲಿಸುತ್ತೇನೆ.

ಇದನ್ನು ಅತಿ ಅನ್ನುವವರಿಗೆ ಟೆನೆರಿಫೆಯ ಕಥೆ ಹೇಳುತ್ತೇನೆ. 1977ರ ಮಾರ್ಚ್ 27. ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಒಂದಾದ ಟೆನೆರಿಫೆಯ ವಿಮಾನ ನಿಲ್ದಾಣ. ದಟ್ಟ ಮಂಜು. ರನ್‌ವೇ ಮೇಲೆ ಎರಡು ಬೋಯಿಂಗ್ 747, ಒಂದು ಡಚ್ಚರ ಕೆಎಲ್‌ಎಂ ಕಂಪನಿಯದು, ಇನ್ನೊಂದು ಅಮೆರಿಕದ ಪ್ಯಾನ್ ಆಮ್‌ದು. ಕೆಎಲ್‌ಎಂ ಕಡೆಯಿಂದ ಟವರ್‌ಗೆ ಬಂದ ಮಾತು ‘ವೀ ಆರ್ ನೌ ಅಟ್ ಟೇಕಾಫ್’ ಅಂತ ವರದಿಯಲ್ಲಿದೆ. ಟೇಪ್‌ನಲ್ಲಿ ಅದು ಪೂರ್ತಿ ಸ್ಪಷ್ಟವಿಲ್ಲ. ಟವರ್‌ನವರು ಅದನ್ನು ಟೇಕಾಫ್ ಜಾಗದಲ್ಲಿ ನಿಂತಿದ್ದೇವೆ ಅಂತ ತಿಳಿದರು. ವಿಮಾನ ಆಗಲೇ ಓಡಲು ಶುರು ಮಾಡಿತ್ತು, ರನ್‌ವೇ ಮೇಲಿದ್ದ ಪ್ಯಾನ್ ಆಮ್‌ಗೆ ಡಿಕ್ಕಿ ಹೊಡೆಯಿತು. ಡಚ್ಚರ ಭಾಷೆಯಲ್ಲಿ ಒಂದು ಕೆಲಸ ನಡೆಯುತ್ತಾ ಇದೆ ಅನ್ನಲು ‘ಅಟ್’ ಅನ್ನು ಹೋಲುವ ಒಂದು ಪದವನ್ನು ಕ್ರಿಯಾಪದದ ಜೊತೆ ಹಾಕುತ್ತಾರೆ. ಆ ಅಭ್ಯಾಸವೇ ಇಂಗ್ಲಿಷಿನಲ್ಲಿ ‘ಅಟ್ ಟೇಕಾಫ್’ ಆಗಿ ಬಂದಿರಬಹುದು ಅನ್ನುವುದು ಭಾಷೆಯ ಬಗ್ಗೆ ಬರೆದವರ ವಿವರಣೆ. ಪೈಲಟ್ ಅನುಮತಿ ಇಲ್ಲದೆ ಹೊರಟದ್ದು, ಮಂಜು, ಒಂದೇ ಕ್ಷಣದಲ್ಲಿ ಇಬ್ಬರು ಮಾತಾಡಿ ರೇಡಿಯೋದಲ್ಲಿ ಬರೀ ಕೀರಲು ಸದ್ದು ಬಂದದ್ದು, ಕಾರಣಗಳು ಅನೇಕ. ಸತ್ತವರು 583 ಜನ. ಆಮೇಲೆ ವಿಮಾನಯಾನದಲ್ಲಿ ಮಾತಿನ ನಿಯಮ ಬಿಗಿಯಾಯಿತು. ಟೇಕಾಫ್ ಅನ್ನುವ ಪದವನ್ನು ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದ ಕಡೆ ‘ಡಿಪಾರ್ಚರ್’ ಅನ್ನಬೇಕು. ಅಲ್ಲಿ ಪೈಲಟ್‌ಗಳಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಬರೆದು ಫೈಲ್ ಮುಚ್ಚಲಿಲ್ಲ. ಮಾತನ್ನೇ ಬದಲಿಸಿದರು.

ವಿಮಾನ ರಿಪೇರಿಯವರ ಕೈಪಿಡಿಗಳಿಗೂ ಹೀಗೆ ಒಂದು ಬಿಗಿ ಇಂಗ್ಲಿಷ್ ಇದೆ, ಎಎಸ್‌ಡಿ-ಎಸ್‌ಟಿಇ100 ಅಂತ. ಒಂದು ಪದಕ್ಕೆ ಒಂದೇ ಅರ್ಥ. ‘ಫಾಲೋ’ ಅಂದರೆ ಹಿಂದೆ ಬರುವುದು ಮಾತ್ರ, ಸೂಚನೆ ಪಾಲಿಸಲು ‘ಒಬೇ’. ಕ್ರಿಯಾಪದಕ್ಕೆ ಅಪ್, ಆಫ್, ಔಟ್ ಅಂಟಿಸಿ ಹೊಸ ಜೋಡಿ ಮಾಡುವ ಹಾಗಿಲ್ಲ. ಇದನ್ನು ಓದಿದ ಮೇಲೆ ನಮ್ಮ ರನ್‌ಬುಕ್ ನೋಡಲು ಬೇಸರವಾಯಿತು. ಬ್ರಿಂಗ್ ಅಪ್, ಬ್ರಿಂಗ್ ಡೌನ್, ಫೇಲ್ ಓವರ್, ಬ್ಯಾಕ್ ಔಟ್, ಕಿಕ್ ಆಫ್, ಸ್ಪಿನ್ ಅಪ್. ಪುಟದ ತುಂಬಾ ಇವೇ. ‘ಫೇಲ್ ಓವರ್’ ತೆಗೆಯಲು ಆಗುವುದಿಲ್ಲ, ಅದು ಕಸುಬಿನ ಹೆಸರೇ ಆಗಿಬಿಟ್ಟಿದೆ. ‘ಬ್ರಿಂಗ್ ಡೌನ್’ ಬದಲು ‘ಸ್ಟಾಪ್’ ಬರೆಯಲು ಯಾರ ಅಪ್ಪಣೆ ಬೇಕು?

ನಮ್ಮ ಟೀಮಿನಲ್ಲಿ ಈಗ ಹೀಗೆ ನಡೆಯುತ್ತದೆ. ಸಮಯದ ಬಗ್ಗೆ ಫಾರ್ವರ್ಡ್, ಬ್ಯಾಕ್, ಅಪ್, ಡೌನ್, ಔಟ್ ಯಾವುದೇ ಬಂದರೂ ಅದನ್ನು ಹ್ಯಾಂಡೋವರ್‌ಗೆ ಹಾಗೇ ಇಳಿಸುವ ಹಾಗಿಲ್ಲ. ಗಡಿಯಾರದ ಸಮಯ ಬರೆಯಬೇಕು, ಅವರದೂ ನಮ್ಮದೂ. ಬರೆದ ಮೇಲೆ ಮೇಲ್ ಕಳಿಸಿದವರಿಗೇ ವಾಪಸ್ ಕಳಿಸಬೇಕು: ‘ನಿಮ್ಮ ರಾತ್ರಿ 8, ನಮ್ಮ 12:30, ಸರಿಯಾ?’ ಪಕ್ಕದ ಸೀಟಿನವರ ಟಿಕ್ ಸಾಲದು. ಪಕ್ಕದ ಸೀಟಿನವರು ನಮ್ಮ ಊರಿನ ಕಡೆಯವರೇ ಆಗಿದ್ದರೆ ಅವರಿಗೂ ಅದೇ ಕೇಳಿಸುತ್ತದೆ. ಸಂಖ್ಯೆ ಬದಲಿಸುವಾಗ ಈಗ ಎಷ್ಟಿದೆ, ಆಮೇಲೆ ಎಷ್ಟಿರಬೇಕು, ಎರಡನ್ನೂ ಹಾಕಬೇಕು. ‘ಐವತ್ತರಿಂದ ಮೂವತ್ತಕ್ಕೆ’ ಅಂತ ಬರೆದರೆ ಬೈ, ಟು ಏನಾದರೂ ಇರಲಿ. ಬ್ರಿಡ್ಜ್‌ನಲ್ಲಿ ಅನುಮಾನ ಬಂದರೆ ಎಂಟರ್ ಒತ್ತುವ ಮುಂಚೆ ಕನ್ನಡದಲ್ಲಾದರೂ ಸರಿ, ಕೇಳಬೇಕು. ಆ ರಾತ್ರಿ ಹಾವೇರಿಯ ಹುಡುಗಿ ಮಾಡಿದ್ದು ಅದನ್ನೇ. ಆರ್‌ಸಿಎಯಲ್ಲಿ ಅವಳ ಹೆಸರು ‘ತಡವಾಗಿ ಎಸ್ಕಲೇಟ್ ಮಾಡಿದರು’ ಅನ್ನುವ ಸಾಲಿನಲ್ಲಿ ಬಂದಿತ್ತು. ಅದನ್ನು ತೆಗೆಸಲು ನಾನು ಮ್ಯಾನೇಜರ್ ಹತ್ತಿರ ಸಾಕಷ್ಟು ಹೊತ್ತು ಕೂರಬೇಕಾಯಿತು. ತೆಗೆಸಿದೆ.

ಚೇಂಜ್ ಫಾರ್ಮಿನಲ್ಲಿ ಎರಡು ಟೈಮ್ ಝೋನ್ ಕಡ್ಡಾಯ ಮಾಡಿ, ಟೈಮ್ ಬದಲಿಸಿದರೆ ಪೂರ್ತಿ ಅಪ್ರೂವಲ್ ಮತ್ತೆ ಕೇಳಬೇಡಿ ಅಂತ ರಿಕ್ವೆಸ್ಟ್ ಹಾಕಿದ್ದೇನೆ. ಟೂಲ್ ಟೀಮ್‌ನವರು ಅದನ್ನು ಮುಂದಿನ ರಿಲೀಸಿಗೆ ಅಂತ ಹೇಳುತ್ತಾ ಬಂದಿದ್ದಾರೆ. ಯಾವ ರಿಲೀಸ್ ಅಂತ ಕೇಳಿದರೆ ಉತ್ತರ ಇಲ್ಲ. ಅದು ಬರುವವರೆಗೆ ಮೇಲಿನ ಸಬ್ಜೆಕ್ಟ್ ಲೈನಿನಲ್ಲೇ ಎರಡೂ ಸಮಯ ಹಾಕುತ್ತಿದ್ದೇವೆ. ಕ್ಲೈಂಟ್ ಕಡೆಯವರೂ ಈಗ ಹಾಗೇ ಕಳಿಸುತ್ತಾರೆ. ನಿಮ್ಮ ಟೀಮಿನಲ್ಲಿ ಇಂಥ ಜೋಡಿ ಪದಗಳಿಂದ ಎಡವಟ್ಟಾಗಿದ್ದರೆ ದಯವಿಟ್ಟು ಬರೆಯಿರಿ. ಹೊಸಬರಿಗೆ ಕೊಡಲು ನಾನು ಒಂದು ಪಟ್ಟಿ ಮಾಡುತ್ತಿದ್ದೇನೆ. ಅದರಲ್ಲಿ ‘ಪುಶ್ ಬ್ಯಾಕ್’ ಈಗಷ್ಟೇ ಸೇರಿಸಿದೆ: ಮೀಟಿಂಗ್ ‘ಪುಶ್ ಬ್ಯಾಕ್’ ಅಂದರೆ ತಡ. ಹಿಂದಕ್ಕೆ ಅಂತ ಓದಿ ಬೇಗ ಬರಬೇಡಿ.